ಮದುವೆಯ ವಕೀಲರಾಗಿದ್ದ ದೊಡ್ಡಸ್ವಾಮಿ

ದೊಡ್ಡಸ್ವಾಮಿಯವರು ಮದುವೆ ಮಾಡಿಸುತ್ತಾರೆಂದರೆ ಬಿರಿಯಾನಿಯವರು ಅಕ್ಕಿ ಹಾಕುವುದನ್ನು ಬೇಕೆಂದೇ ತಡ ಮಾಡುತ್ತಿದ್ದರು. ಬೇರೆ ಸ್ವಾಮಿಗಳಾದರೆ ಪೂಜೆ ಇಷ್ಟು ಹೊತ್ತಿಗೆ ಮುಗಿಯುತ್ತದೆಂದು ಲೆಕ್ಕ ಹಾಕಬಹುದಿತ್ತು. ಇವರದ್ದು ಮದುಮಗಳು ಬಾಯಿ ಬಿಡುವವರೆಗೆ ಮುಗಿಯುವಂತಿರಲಿಲ್ಲ.

ಕನಕಪುರದ ಸುತ್ತ ಇರುವ ನಮ್ಮ ಕ್ರೈಸ್ತ ಹಳ್ಳಿಗಳಲ್ಲಿ ಮದುಮಗಳು ಪೀಠದ ಮುಂದೆ ಮಾತನಾಡುವ ರೂಢಿ ಇಲ್ಲ. "ಈತನನ್ನು ಗಂಡನಾಗಿ ಸ್ವೀಕರಿಸಲು ನಿನಗೆ ಮನಃಪೂರ್ವಕ ಒಪ್ಪಿಗೆಯೇ?" ಎಂದು ಗುರುಗಳು ಕೇಳುತ್ತಾರೆ. ಅವಳು ತಲೆ ಬಗ್ಗಿಸಿ ನಿಂತಿರುತ್ತಾಳೆ. ಹಿಂದೆ ನಿಂತ ಸೋದರತ್ತೆಯೋ ದೊಡ್ಡಮ್ಮನೋ ಮುಸುಕು ಸರಿಮಾಡುವವರ ಹಾಗೆ ಕೈ ಇಟ್ಟು ಆ ತಲೆಯನ್ನು ಮೆಲ್ಲಗೆ ಒಂದು ಸಲ ಅದುಮುತ್ತಾರೆ. ತಲೆ ಆಡಿತು, ಒಪ್ಪಿಗೆ ಆಯಿತು, ಮುಂದಿನ ಪ್ರಾರ್ಥನೆ. ಹುಡುಗಿಯೇ ಗಟ್ಟಿಯಾಗಿ ಹೇಳಿಬಿಟ್ಟರೆ ಗಂಡಿನ ಕಡೆಯವರು ಹೊರಗೆ ಹೋಗಿ "ಬಲೇ ಬಾಯಿ ಕಣಮ್ಮ" ಅನ್ನುತ್ತಾರೆ. ಇದರಲ್ಲಿ ಯಾರಿಗೂ ಏನೂ ತಪ್ಪು ಕಂಡಿರಲಿಲ್ಲ. ನನಗೂ ಕಂಡಿರಲಿಲ್ಲ.

ದೊಡ್ಡಸ್ವಾಮಿಯವರಿಗೆ ಮಾತ್ರ ಇದು ಆಗಿಬರುತ್ತಿರಲಿಲ್ಲ. ನಾನು ಅವರ ಕೈಕೆಳಗೆ ಬಂದ ಹೊಸತರಲ್ಲಿ ನೋಡಿದ ಮದುವೆಯೊಂದರಲ್ಲಿ ಹುಡುಗಿ ಬಾಯಿ ಬಿಡಲಿಲ್ಲ, ತಲೆ ಅದುಮುವ ಅತ್ತೆಗೂ ತಾಳ್ಮೆ ಇರಲಿಲ್ಲ. "ಹೂಂ ಸ್ವಾಮಿ, ಒಪ್ಪಿಗೆ ಐತೆ" ಎಂದು ತಾನೇ ಹೇಳಿಬಿಟ್ಟಳು.

"ನಿಂಗ್ ಮದ್ವೆ ಆಗಿ ಮೊಮ್ಮಕ್ಳು ಆಡ್ತಾವಲ್ಲಮ್ಮ, ಇನ್ನೊಂದ್ ಮಾಡ್ಕಂಡೀಯಾ?" ಎಂದರು ದೊಡ್ಡಸ್ವಾಮಿ. ಮೈಕು ಎದುರಿಗೇ ಇತ್ತು. ಇಡೀ ಚರ್ಚು ನಕ್ಕಿತು. ಅವರು ನಗಲಿಲ್ಲ. ಪುಸ್ತಕ ಮುಚ್ಚಿ ಕುರ್ಚಿಯ ಮೇಲೆ ಕುಳಿತುಬಿಟ್ಟರು. ವಿಡಿಯೋದವನು ದೀಪ ಆರಿಸಿದ. ಮಕ್ಕಳು ಅಳತೊಡಗಿದವು. ಗಂಡಿನ ಮುಖದಲ್ಲಿ ಬೆವರು ಇಳಿಯುತ್ತಿತ್ತು. ಕೊನೆಗೆ ಮದುಮಗಳೇ ತಲೆ ಎತ್ತಿ, "ಒಪ್ಪಿಗೆ ಐತೆ ಸ್ವಾಮಿ, ಬಿರ್ರನೆ ಮುಗ್ಸಿ, ಕಾಲು ನೋಯ್ತಾವೆ!" ಎಂದು ಕೂಗಿಕೊಂಡಳು.

"ಇದು ಒಪ್ಪಿಗೆ" ಎಂದು ಅವರು ಎದ್ದು ನಿಂತರು.

ಈಗ ಅವರಿಲ್ಲ. ಅವರ ವಿಷಯ ಬರೆಯಬೇಕೆಂದು ಕೂತರೆ ಹುಟ್ಟಿದ ಊರು, ದೀಕ್ಷೆ ಪಡೆದ ವರ್ಷ, ಸೇವೆ ಮಾಡಿದ ಧರ್ಮಕೇಂದ್ರಗಳು ಇವೆಲ್ಲ ಶ್ರದ್ಧಾಂಜಲಿಯ ಹಾಳೆಯಲ್ಲಿ ಆಗಲೇ ಬಂದಿವೆ. ಅದರಲ್ಲಿ ಅವರು ಎಲ್ಲೂ ಇಲ್ಲ. "ಮೃದುಭಾಷಿ" ಎಂದು ಬೇರೆ ಹಾಕಿದ್ದಾರೆ. ಅವರೇ ಓದಿದ್ದರೆ ಅದನ್ನು ಬರೆದವರಿಗೆ ಒಂದು ಗತಿ ಕಾಣಿಸುತ್ತಿದ್ದರು.

ನಾನು ಅವರ ಬಳಿಗೆ ಹೋದದ್ದು ಲ್ಯಾಟಿನ್ ಕಲಿಯಲು. ಆಗ ನಾನು ಗುರುದೀಕ್ಷೆ ಪಡೆದು ಕೆಲವೇ ವರ್ಷಗಳಾಗಿದ್ದವು. ಒಂದು ದಿನ ನಮ್ಮ ಬಿಷಪ್ಪರು ಕರೆಸಿ, ಧರ್ಮಸಭೆಯ ಕಾನೂನು ಓದಲು ನಿನ್ನನ್ನು ಯುರೋಪಿನ ಒಂದು ಕಥೋಲಿಕ ವಿಶ್ವವಿದ್ಯಾಲಯಕ್ಕೆ ಕಳಿಸುತ್ತೇವೆ, ನಮ್ಮ ನ್ಯಾಯಪೀಠದಲ್ಲಿ ಕೂರಲು ಜನ ಇಲ್ಲ, ಇರುವವರಿಗೂ ವಯಸ್ಸಾಯಿತು, ಎಂದರು. ಚರ್ಚಿಗೆ ತನ್ನದೇ ಕಾನೂನು ಇದೆ, ತನ್ನದೇ ನ್ಯಾಯಪೀಠ ಇದೆ. ಅಲ್ಲಿಗೆ ಬರುವ ಪ್ರಕರಣಗಳಲ್ಲಿ ಹೆಚ್ಚಿನವು ಮದುವೆಯವೇ. ನಾನು "ಆಗಲಿ ಸ್ವಾಮಿ" ಅಂದೆ. ಹಿರಿಯರು ಏನು ಹೇಳಿದರೂ ನನ್ನ ಬಾಯಿಂದ ಬರುತ್ತಿದ್ದದ್ದು ಅದೊಂದೇ. ಗುರುಮಠದಲ್ಲಿ ಫುಟ್‌ಬಾಲ್ ತಂಡಕ್ಕೆ ಗೋಲ್‌ಕೀಪರ್ ಆಗು ಎಂದಾಗಲೂ ಹಾಗೇ ಅಂದಿದ್ದೆ, ಚೆಂಡು ಕಂಡರೆ ಕಣ್ಣು ಮುಚ್ಚುವ ನಾನು.

ಪಾಸ್‌ಪೋರ್ಟು, ವೀಸಾ, ಅಲ್ಲಿನ ಭಾಷೆಯ ಪಾಠ ಎಲ್ಲ ಒಂದು ಕಡೆ. ಲ್ಯಾಟಿನ್ ಬಾರದೆ ಆ ಕಾನೂನು ಓದುವಂತಿಲ್ಲ. ಹಾಗಾಗಿ, ಹೊರಡುವವರೆಗೆ ಕಬ್ಬಾಳಿನ ದಾರಿಯಲ್ಲಿದ್ದ ಒಂದು ಹಳ್ಳಿಯ ಚರ್ಚಿಗೆ ನನ್ನನ್ನು ಸಹಾಯಕನಾಗಿ ಹಾಕಿದರು. ಅಲ್ಲಿದ್ದ ಹಿರಿಯ ಗುರುಗಳು ತಮ್ಮ ಪ್ರಾಯದಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಅದೇ ಕಾನೂನು ಓದಿ ಬಂದವರು. ಊರವರಿಗೆ ಅವರು ದೊಡ್ಡಸ್ವಾಮಿ. ನಾನು ಬಸ್ಸಿಳಿದ ದಿನವೇ ಚಿಕ್ಕಸ್ವಾಮಿ ಆದೆ.

ಆರಡಿ ಮೀರಿದ ಆಳು. ಬಾಗಿಲು ಎಷ್ಟೇ ಎತ್ತರವಿದ್ದರೂ ಒಳಗೆ ಬರುವಾಗ ತಲೆ ಬಗ್ಗಿಸುವ ಅಭ್ಯಾಸ. ಮಾತು ಶುರು ಮಾಡುವ ಮುಂಚೆ ಗಂಟಲು ಕೆರೆದುಕೊಳ್ಳುತ್ತಿದ್ದರು, ಆ ಸದ್ದಿಗೇ ಅಂಗಳದ ಕೋಳಿಗಳು ಚೆದುರುತ್ತಿದ್ದವು. ಊಟಕ್ಕೆ ಮುದ್ದೆ ಇಲ್ಲದಿದ್ದರೆ ಅದನ್ನು ಊಟ ಅನ್ನುತ್ತಿರಲಿಲ್ಲ. ಅಡುಗೆಯ ತೆರೇಸಮ್ಮ ಒಂದು ದಿನ ಚಪಾತಿ ಮಾಡಿಟ್ಟಾಗ, "ಯಾರ್ಗ್ ಉಸಾರಿಲ್ಲ ತೆರೇಸಮ್ಮ?" ಎಂದು ಕೇಳಿದ್ದರು.

ತಿಂಗಳಿಗೊಮ್ಮೆ ನ್ಯಾಯಪೀಠದ ಕೆಲಸಕ್ಕೆ ಬೆಂಗಳೂರಿಗೆ ಹೋಗುವರು. ಕನಕಪುರದಿಂದ ನೇರ ಬಸ್ಸಿದ್ದರೂ ಸುತ್ತಿ ಬಳಸಿ ರಾಮನಗರಕ್ಕೆ ಹೋಗಿ, ಅಲ್ಲಿಂದ ಬಿಡದಿಗೆ ಬಂದು ತಟ್ಟೆ ಇಡ್ಲಿ ತಿಂದೇ ಮುಂದಕ್ಕೆ. ಒಂದು ಸಲ ನಾನು ಜೊತೆಗೆ ಹೋಗಿದ್ದೆ. "ಇದ್ಯಾಕ್ ಸ್ವಾಮಿ ಇಷ್ಟ್ ಸುತ್ತು?" ಎಂದು ಕೇಳಿದರೆ, "ಅಲ್ಲೋಗಿ ದಿನವೆಲ್ಲ ಕಣ್ಣೀರ್ ನೋಡ್ಬೇಕು ಕಣಪ್ಪ. ಹೊಟ್ಟೆ ತುಂಬಿರ್ಬೇಕು" ಅಂದರು.

ನ್ಯಾಯಪೀಠದಲ್ಲಿ ಅವರದ್ದು ವಿಚಿತ್ರ ಕೆಲಸ. ಗಂಡನೋ ಹೆಂಡತಿಯೋ ಬಂದು, ನಮ್ಮ ಮದುವೆ ಮೊದಲ ದಿನದಿಂದಲೇ ಮದುವೆಯಾಗಿರಲಿಲ್ಲ, ಹಾಗೆಂದು ತೀರ್ಪು ಕೊಡಿ ಎಂದು ಕೇಳುತ್ತಾರೆ. ಆಗ ನ್ಯಾಯಪೀಠದ ಕಡೆಯಿಂದ ಒಬ್ಬರು, ಇಲ್ಲ, ಇದು ಮದುವೆಯೇ, ಎಂದು ವಾದಿಸಬೇಕು. ಅದು ಕಾನೂನು. ದೊಡ್ಡಸ್ವಾಮಿಯವರು ಆ ವಾದಿ. "ನಾನು ಗಂಡಿನ್ ವಕೀಲ ಅಲ್ಲ, ಹೆಣ್ಣಿನ್ ವಕೀಲ ಅಲ್ಲ. ಮದ್ವೆ ವಕೀಲ" ಅನ್ನುತ್ತಿದ್ದರು. ನಮ್ಮ ಕಡೆಯ ಯಾರಾದರೂ ಹೆಂಗಸು ಅಲ್ಲಿ ನಿಂತು "ನನ್ನ ಯಾರೂ ಕೇಳ್ಲಿಲ್ಲ ಸ್ವಾಮಿ" ಎಂದರೆ, "ವಿಡಿಯೋದಲ್ಲಿ ನೀನು ತಲೆ ಆಡಿಸಿದ್ದೀಯಲ್ಲಮ್ಮ" ಎಂದು ಎತ್ತಿ ತೋರಿಸಬೇಕಾದವರು ಇವರೇ. ಆ ತಲೆಯ ಮೇಲೆ ಅತ್ತೆಯ ಕೈ ಇದ್ದದ್ದು ಇವರಿಗೆ ಗೊತ್ತು. ಆದರೂ ಹೇಳಬೇಕು.

ಒಮ್ಮೆ ಪಾಠದ ನಡುವೆ ತಾವಾಗಿಯೇ ಹೇಳಿದರು: "ಅಲ್ಲಿ ವಾದ ಮಾಡಿ ಗೆದ್ದೂ ಇದ್ದೀನಿ ಕಣಪ್ಪ. ಗೆದ್ದ್ ದಿವ್ಸ ಮುದ್ದೆ ಗಂಟ್ಲಲ್ಲಿ ಇಳೀತಿರ್ಲಿಲ್ಲ. ಅಲ್ಲಿಗ್ ಬಂದ್ಮೇಲೆ ಕೇಳದ್ಕಿಂತ ಇಲ್ಲೇ ಕೇಳ್ಬುಟ್ರೆ ಏನು ನಮ್ಮಪ್ಪನ್ ಗಂಟು ಹೋಯ್ತದೆ?" ಪೀಠದ ಮುಂದೆ ಅವರು ಅಷ್ಟು ಹಟ ಹಿಡಿಯುವುದು ಯಾಕೆಂದು ಆವತ್ತು ತಿಳಿಯಿತು.

ರಾಮನಗರದಲ್ಲಿ ಅವರಿಗೊಬ್ಬ ಸ್ನೇಹಿತರಿದ್ದರು, ರೇಷ್ಮೆ ನೂಲು ಬಿಚ್ಚಿಸುವ ಸಾಬರು. ಗೂಡಿನ ಮಾರುಕಟ್ಟೆಯಲ್ಲಿ ನಮ್ಮ ಊರ ಬೆಳೆಗಾರನೊಬ್ಬನ ಪರವಾಗಿ ಅವರ ಮೇಲೆ ಜಗಳಕ್ಕೆ ಹೋಗಿ ದೊಡ್ಡಸ್ವಾಮಿಯವರು ಸ್ನೇಹ ಮಾಡಿಕೊಂಡು ಬಂದಿದ್ದರಂತೆ. ಆ ಸಾಬರ ಮಗಳ ನಿಕಾಹ್‌ಗೆ ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿ ಸಾಕ್ಷಿಗಳು ಒಳಗೆ ಹೋಗಿ ಹುಡುಗಿಯ ಒಪ್ಪಿಗೆಯನ್ನು ಮೂರು ಸಲ ಕೇಳಿ ಬಂದದ್ದನ್ನು ನೋಡಿ ದೊಡ್ಡಸ್ವಾಮಿಯವರ ಮುಖ ಅರಳಿತು. "ನೋಡ್ದಾ ಚಿಕ್ಕಸ್ವಾಮಿ, ಮೂರ್ ಸಲ! ನಮ್ಮೋರ್ಗೆ ಒಂದ್ ಸಲ ಕೇಳಕ್ಕೂ ಬಿರಿಯಾನಿ ಆರೋಯ್ತದೆ" ಅಂದರು. ಸಾಬರು ಹತ್ತಿರ ಬಂದು ಅವರ ಕಿವಿಯಲ್ಲಿ, "ಅಯ್ಯೋ ಸ್ವಾಮಿ, ಮೂರು ಸಲಾನೂ ಅವಳ ಖಾಲಾನೇ ಹೂಂ ಅಂದಿರೋದು. ಹಿಂಗಾಗುತ್ತೆ ಅಂತ್ಲೇ ನಾನು ನೆನ್ನೇನೇ ಅವಳೊಬ್ಬಳನ್ನೇ ಕೂರಿಸ್ಕೊಂಡು ಕೇಳ್ಬಿಟ್ಟಿದ್ದೀನಿ" ಅಂದರು. ಖಾಲಾ ಅಂದರೆ ಚಿಕ್ಕಮ್ಮ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕದ್ದೇ ನಕ್ಕದ್ದು. ವಾಪಸು ಬರುವಾಗ ಬಸ್ಸಿನಲ್ಲಿಯೂ ನೆನೆಸಿಕೊಂಡು ನಗುತ್ತಿದ್ದರು.

ಪಾಠ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನಡೆಯುತ್ತ ಆಗುತ್ತಿತ್ತು. ಅವರು ಮುಂದೆ, ನಾನು ಹಿಂದೆ. ಒಂದು ಕಾನೂನನ್ನು ಲ್ಯಾಟಿನ್‌ನಲ್ಲಿ ಹೇಳುವರು, ನಾನು ಹೇಳಬೇಕು, ಆಮೇಲೆ ಅದನ್ನು ನಮ್ಮ ಹಳ್ಳಿಯ ಕನ್ನಡದಲ್ಲಿ, ತೆರೇಸಮ್ಮನಿಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಬೇಕು. ತೆರೇಸಮ್ಮ ಸೊಪ್ಪು ಬಿಡಿಸುತ್ತ "ಹಂಗಂದ್ರೇನು ಸ್ವಾಮಿ?" ಎಂದರೆ ನಾನು ಫೇಲು. ಸುಳ್ಳು ಹೇಳಬಾರದು, ನಾನು ಪಾಠದಲ್ಲಿ ಹಿಂದೆ ಬೀಳಲಿಲ್ಲ. ಹೇಳಿದ್ದನ್ನೆಲ್ಲ ಕಲಿತೆ, ಕೊಟ್ಟದ್ದನ್ನೆಲ್ಲ ಓದಿದೆ.

ಅದೇ ಹೊತ್ತಿಗೆ ನಮ್ಮೂರಿನಲ್ಲಿ ನನ್ನ ಅಪ್ಪ ಫ್ಲೆಕ್ಸ್ ಹಾಕಿಸಿದ್ದ. ನಾನು ಬಿಳಿ ಅಂಗಿಯಲ್ಲಿ ಕೈ ಮುಗಿದುಕೊಂಡು, ನನ್ನ ತಲೆಯ ಮೇಲೆ ಒಂದು ವಿಮಾನ, ಹಿಂದೆ ಯಾವುದೋ ದೊಡ್ಡ ಗೋಪುರದ ಚರ್ಚು. "ಉನ್ನತ ವ್ಯಾಸಂಗಕ್ಕಾಗಿ ವಿದೇಶಕ್ಕೆ ತೆರಳುತ್ತಿರುವ ನಮ್ಮೂರ ಹೆಮ್ಮೆಯ ಪುತ್ರ." ಅಪ್ಪ ರೇಷ್ಮೆ ಹುಳ ಸಾಕುವ ರೈತ. ನನಗೆ ದೀಕ್ಷೆ ಆದ ದಿನದಿಂದ ನನ್ನನ್ನೂ "ಸ್ವಾಮಿ" ಎಂದೇ ಕರೆಯುತ್ತಿದ್ದ, ಬಹುವಚನ ಹಾಕಿ. ಸಿಕ್ಕಿದವರಿಗೆಲ್ಲ "ನಮ್ ಸ್ವಾಮ್ಯೋರು ದೇವ್ರ ಕೋರ್ಟಿಗೆ ಲಾಯರ್ ಆಯ್ತಾವ್ರೆ" ಎಂದು ಹೇಳುತ್ತಿದ್ದ. ಅಕ್ಕ ಒಂದು ಸ್ವೆಟರ್ ಹೆಣೆದಳು. ಊರವರು ಒಂದು ದೊಡ್ಡ ಸೂಟ್‌ಕೇಸ್ ತಂದುಕೊಟ್ಟರು.

ಆ ಸೂಟ್‌ಕೇಸ್ ನನ್ನ ಮಂಚದ ಪಕ್ಕದಲ್ಲಿ ಪ್ಲಾಸ್ಟಿಕ್ ಹೊದಿಕೆ ಸಮೇತ ನಿಂತಿರುತ್ತಿತ್ತು. ಅದು ಕಣ್ಣಿಗೆ ಬೀಳದಿರಲೆಂದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ. ಎಲ್ಲರಿಗೂ ಹೀಗೇ ಆಗುತ್ತದೆ, ದೂರ ಹೋಗುವಾಗ ಸಹಜ, ಎಂದುಕೊಳ್ಳುತ್ತಿದ್ದೆ. ನನಗೆ ಇಷ್ಟವಾಗಿದ್ದ ಕೆಲಸ ಬೇರೆಯಾಗಿತ್ತು. ಮನೆ ಮನೆಗೆ ಹೋಗುವುದು, ಕಾಯಿಲೆಯವರಿಗೆ ಪ್ರಸಾದ ಕೊಡುವುದು, ಹಾಡಿನ ಗುಂಪು ಕಟ್ಟುವುದು, ಮಕ್ಕಳ ದೀಕ್ಷಾಸ್ನಾನ. ಹೋಗಿ ಓದಿ ಬಂದರೆ ಬದುಕೆಲ್ಲ ಒಂದು ಕೋಣೆಯಲ್ಲಿ ಕೂತು ಮುರಿದ ಮದುವೆಗಳ ಕಥೆ ಕೇಳುವುದೇ ಆಗುತ್ತದೆಂದು ಗೊತ್ತಿತ್ತು. ಅದು ದೊಡ್ಡ ಕೆಲಸವೇ. ಯಾರಾದರೂ ಮಾಡಬೇಕು. ಆದರೆ ಅದು ನನ್ನ ಕೈಲಿ ಆಗುವುದಲ್ಲ ಅನ್ನುವುದನ್ನು ನಾನು ಯಾರಿಗೂ ಹೇಳಿರಲಿಲ್ಲ, ಪಾಪನಿವೇದನೆಯಲ್ಲೂ ಹೇಳಿರಲಿಲ್ಲ. ಬಿಷಪ್ಪರಿಗೆ "ಆಗಲಿ" ಅಂದಾಗಿತ್ತು, ಅಪ್ಪನ ಫ್ಲೆಕ್ಸು ಊರ ಬಾಗಿಲಲ್ಲಿ ನಿಂತಾಗಿತ್ತು.

ಹೊರಡುವ ದಿನ ಹತ್ತಿರ ಬರುತ್ತಿದ್ದಾಗ ಒಂದು ಮದುವೆಯ ವಿಚಾರಣೆ ಬಂತು. ನಮ್ಮಲ್ಲಿ ಮದುವೆಗೆ ದಿನ ಕೊಡುವ ಮೊದಲು ಹುಡುಗ ಹುಡುಗಿ ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ, ಶುಭಸಂದೇಶದ ಪುಸ್ತಕದ ಮೇಲೆ ಕೈ ಇರಿಸಿ, ಗುರುಗಳು ಪ್ರಶ್ನೆ ಕೇಳಬೇಕು. ಹುಡುಗಿ ನಮ್ಮ ಹಳ್ಳಿಯವಳು, ಬಿಡದಿಯ ಕಾರ್ಖಾನೆಯೊಂದಕ್ಕೆ ಕಂಪನಿ ಬಸ್ಸಿನಲ್ಲಿ ಹೋಗಿ ಬರುತ್ತಿದ್ದವಳು. ಹುಡುಗ ಮಾಗಡಿ ಕಡೆಯವನು. "ಚಿಕ್ಕಸ್ವಾಮಿ ಕಾನೂನ್ ಓದಕ್ಕೆ ಹೊಂಟವ್ನೆ, ಅವ್ನೇ ಕೇಳ್ಲಿ" ಎಂದು ದೊಡ್ಡಸ್ವಾಮಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು.

ನಾನು ಕ್ರಮವಾಗಿ ಕೇಳಿದೆ. ಯಾರಾದರೂ ಬಲವಂತ ಮಾಡಿದ್ದಾರಾ? "ಇಲ್ಲ ಸ್ವಾಮಿ." ಹೆದರಿಸಿದ್ದಾರಾ? "ಇಲ್ಲ ಸ್ವಾಮಿ." ನಿನ್ನ ಸ್ವಂತ ಇಷ್ಟದಿಂದ ಆಗುತ್ತಿದ್ದೀಯಾ? "ಹೂಂ ಸ್ವಾಮಿ." ಬಾಯಿ ಬಿಟ್ಟು, ಸ್ಪಷ್ಟವಾಗಿ. ಹಿಂದೆ ಯಾವ ಅತ್ತೆಯೂ ಇರಲಿಲ್ಲ. ನನಗೆ ಸಮಾಧಾನವಾಯಿತು. ಸಹಿ ಹಾಕಿಸಲು ಪೆನ್ನು ತೆಗೆದೆ.

ದೊಡ್ಡಸ್ವಾಮಿ ಗಂಟಲು ಕೆರೆದುಕೊಂಡರು. ತೆರೇಸಮ್ಮನನ್ನು ಕೂಗಿ ಹುಡುಗಿಗೆ ಟೀ ತರಿಸಿದರು. ಅವಳು ಕುಡಿಯುತ್ತಿರುವಾಗ ಹರಟೆಗೆ ಕೇಳಿದ ಹಾಗೆ ಕೇಳಿದರು.

"ಗಂಡಿನ್ ಊರ್ಗೆ ಬಸ್ಸೈತೇನವ್ವ?"

"ಗೊತ್ತಿಲ್ಲ ಸ್ವಾಮಿ."

"ಅತ್ತೆ ಹೆಂಗೆ? ಗಟ್ಟಿ ಮಾತೋ, ಮೆತ್ತಗೋ?"

"ಗೊತ್ತಿಲ್ಲ ಸ್ವಾಮಿ."

"ಹುಡ್ಗ ಫೋನ್ ಮಾಡ್ತಾನಾ?"

"ಮಾಡ್ತಾರೆ."

"ನೀನೇನ್ ಕೇಳ್ತೀಯ ಅವನ್ನ?"

"ಏನೂ ಇಲ್ಲ ಸ್ವಾಮಿ. ಅವ್ರು ಹೇಳ್ತಾರೆ, ನಾನು ಹೂಂ ಅಂತೀನಿ."

"ಅಲ್ಲಿಂದ ಬಿಡದಿಗೆ ಕೆಲ್ಸಕ್ ಹೋಗಿ ಬರಕ್ಕಾಯ್ತದಾ?"

ಹುಡುಗಿ ಲೋಟ ಕೆಳಗಿಟ್ಟಳು. ಕಣ್ಣೀರು ಬಂತು. ಆಮೇಲೆ, "ಅಪ್ಪ ಮಾತ್ ಕೊಟ್ಬುಟ್ಟವ್ರೆ ಸ್ವಾಮಿ" ಅಂದಳು. ದೊಡ್ಡಸ್ವಾಮಿ ಮತ್ತೆ ಕೆದಕಲಿಲ್ಲ. "ಟೀ ಕುಡ್ದು ಹಿತ್ಲ ಬಾಗ್ಲಲ್ಲಿ ಮನೆಗೋಗು. ಯಾರ್ಗೂ ಏನೂ ಹೇಳ್ಬ್ಯಾಡ. ಮಿಕ್ಕಿದ್ದು ನಂದು" ಎಂದರು.

ಹೊರಗೆ ಜಗಲಿಯಲ್ಲಿ ಅವಳ ಅಪ್ಪ ಕಾದು ಕುಳಿತಿದ್ದ. ದೊಡ್ಡಸ್ವಾಮಿ ಹೊಸ್ತಿಲಲ್ಲಿ ನಿಂತು, "ಈ ಮದ್ವೆಗೆ ನಾನು ದಿನ ಕೊಡಕ್ಕಿಲ್ಲ" ಎಂದರು.

"ಯಾಕ್ ಸ್ವಾಮಿ? ನನ್ ಮಗ್ಳೇನಾರ ಅಂದ್ಳಾ?"

"ಅವ್ಳು ಎಲ್ಲಾದ್ಕೂ ಹೂಂ ಅಂದವ್ಳೆ. ನಂಗಿಷ್ಟ ಇಲ್ಲ."

"ನಿಮಗ್ಯಾಕ್ ಸ್ವಾಮಿ ಇಷ್ಟ ಆಗ್ಬೇಕು? ಮದ್ವೆ ಆಗೋರು ನೀವಾ?"

"ನಂಗೆ ವಯ್ಸಾಯ್ತು, ತಲೆ ಕೆಟ್ಟೈತೆ ಅನ್ಕಳ್ಳಪ್ಪ. ಹೋಗು, ಬಿಷಪ್ಪರ ತಾವ್ಕೇ ಹೋಗು. ಅಲ್ಲೂ ನಾನೇ ವಕೀಲ."

ಆ ಮನುಷ್ಯ ಬಾಯಿಗೆ ಬಂದ ಹಾಗೆ ಬೈದ. ಈ ಮುದುಕ ಸಾಯೋವರೆಗೂ ಊರಲ್ಲಿ ಒಂದು ಒಳ್ಳೆ ಕೆಲಸ ಆಗಲ್ಲ ಅಂದ. ದೊಡ್ಡಸ್ವಾಮಿ ಎಲ್ಲವನ್ನೂ ನಿಂತು ಕೇಳಿಸಿಕೊಂಡರು. ಬೈಗುಳ ಎಲ್ಲ ತಮ್ಮ ಮೇಲೆಯೇ ಬೀಳುತ್ತಿದೆ, ಹುಡುಗಿಯ ಮೇಲೆ ಒಂದು ಹನಿಯೂ ಬೀಳುತ್ತಿಲ್ಲ ಎಂಬುದು ಗಟ್ಟಿಯಾದ ಮೇಲೆ ಒಳಗೆ ಬಂದರು.

ನಾನು ಇನ್ನೂ ಪೆನ್ನು ಹಿಡಿದುಕೊಂಡೇ ಕುಳಿತಿದ್ದೆ. "ನಿಮಗೆ ಹೇಗೆ ಗೊತ್ತಾಯ್ತು ಸ್ವಾಮಿ?" ಎಂದು ಕೇಳಿದೆ.

"ಗೊತ್ತಾಗದೇನ್ ಬಂತು? ಹೋಗೋ ಮನ್ಸಿರೋರು ಕೇಳ್ತಾರೆ ಕಣಪ್ಪ. ಎಮ್ಮೆ ಕೊಳ್ಳೋನು ಹಾಲೆಷ್ಟು ಕೊಡ್ತದೆ ಅಂತ ಕೇಳಕ್ಕಿಲ್ವಾ? ನೀರೆಲ್ಲೈತೆ, ಒಲೆ ಯಾವ್ದು, ಊರ್ಗೆ ಬಸ್ ಎಷ್ಟೊತ್ಗೆ, ಅತ್ತೆ ಏನ್ ತಿಂತಾಳೆ, ಎಲ್ಲ ಕೇಳ್ತಾರೆ. ಮನ್ಸಿಲ್ದೋರು ಏನೂ ಕೇಳಕ್ಕಿಲ್ಲ. ಹೂಂ ಅಂತಾರೆ, ಅಷ್ಟೆ."

ನನ್ನ ಕೈಯಲ್ಲಿದ್ದ ಪೆನ್ನು ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಗಂಟಲನ್ನೂ ಕೆರೆದುಕೊಳ್ಳದೆ, ನಾನು ಅಲ್ಲಿಯವರೆಗೆ ಕೇಳದಿದ್ದ ಒಂದು ಮೆತ್ತನೆಯ ದನಿಯಲ್ಲಿ ಹೇಳಿದರು:

"ಚಿಕ್ಕಸ್ವಾಮಿ, ನೀನು ಓದಕ್ಕೆ ಹೊಂಟಿರೋ ಊರಲ್ಲಿ ನಾನು ವರ್ಷಗಟ್ಲೆ ಇದ್ ಬಂದೋನು. ನೀನು ದಿನಾ ನನ್ ಹಿಂದೇನೇ ಬದು ಮ್ಯಾಲೆ ಓಡಾಡ್ತೀಯ. ಒಂದ್ ದಿವ್ಸನಾರ ಕೇಳ್ದೇನಪ್ಪ, ಅಲ್ಲಿ ಚಳಿ ಎಷ್ಟು, ಉಣ್ಣಕ್ಕೇನ್ ಕೊಡ್ತಾರೆ, ಜನ ಮಾತಾಡುಸ್ತಾರಾ ಅಂತ?"

ಕೇಳಿರಲಿಲ್ಲ. ನಿಜವಾಗಿಯೂ ಒಂದು ಸಲವೂ ಕೇಳಿರಲಿಲ್ಲ. ಆ ಊರಿನ ಹೆಸರನ್ನು ಫೋನಿನಲ್ಲಿ ಹುಡುಕಿಯೂ ನೋಡಿರಲಿಲ್ಲ. ತಲೆ ಬಗ್ಗಿಸಿದೆ. ಕಣ್ಣಲ್ಲಿ ನೀರು ಬಂದುಬಿಟ್ಟಿತು, ಗಂಡಸು, ಅದರಲ್ಲೂ ಸ್ವಾಮಿ, ಆ ಹುಡುಗಿ ಕೂತಿದ್ದ ಕುರ್ಚಿಯ ಎದುರಿಗೇ. ಅವಮಾನ ಆಗಬೇಕಿತ್ತು. ಆಗಲಿಲ್ಲ. ಬಿಗಿಯಾಗಿದ್ದ ಚಪ್ಪಲಿ ಕಳಚಿದ ಹಾಗಾಯಿತು. ಒಬ್ಬರಿಗಾದರೂ ಗೊತ್ತಾಯಿತಲ್ಲ.

"ನಾನು ಹೇಳ್ಲಾ ಬಿಷಪ್ಪರಿಗೆ? ಈ ಹುಡ್ಗನ್ ತಲೆಗೆ ಲ್ಯಾಟಿನ್ ಹತ್ತಕ್ಕಿಲ್ಲ, ದಡ್ಡ ಅಂತ? ಬೈಸ್ಕಳದು ನಂಗೆ ಅಭ್ಯಾಸ" ಎಂದರು.

"ಬೇಡ ಸ್ವಾಮಿ. ನಾನೇ ಹೇಳ್ತೀನಿ" ಅಂದೆ. ಒಬ್ಬ ಹಿರಿಯರಿಗೆ ನಾನು "ಬೇಡ" ಅಂದದ್ದು ಅದೇ ಮೊದಲು. ಅವರಿಗೆ ಎಷ್ಟು ಖುಷಿಯಾಯಿತೆಂದರೆ, "ತೆರೇಸಮ್ಮ, ಇವತ್ತು ಕೋಳಿ ಕುಯ್ಯಿ" ಎಂದು ಕೂಗಿದರು. ಅಂದು ಶುಕ್ರವಾರ, ನಾವು ಮಾಂಸ ತಿನ್ನದ ದಿನ. ತೆರೇಸಮ್ಮ ಅಡುಗೆಮನೆಯಿಂದಲೇ "ನಾಳೀಕೆ!" ಅಂದಳು.

ಬಿಷಪ್ಪರ ಮುಂದೆ ನಿಂತಾಗ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದದ್ದೆಲ್ಲ ಮರೆತು, "ಸ್ವಾಮಿ, ನನಗೆ ಹೋಗಲು ಮನಸ್ಸಿಲ್ಲ. ಕಳಿಸಿದರೆ ಹೋಗುತ್ತೇನೆ, ವಿಧೇಯತೆಯ ಮಾತು ಕೊಟ್ಟಿದ್ದೇನೆ. ಆದರೆ ಮನಸ್ಸಿಲ್ಲ ಅನ್ನುವುದು ನಿಮಗೆ ಗೊತ್ತಿರಲಿ" ಅಂದುಬಿಟ್ಟೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಈಗ ಸಿಡಿಲು ಬೀಳುತ್ತದೆಂದು ಕಾದೆ.

"ಇದನ್ನು ಮೊದಲೇ ಹೇಳೋದಲ್ಲವೇನಪ್ಪ? ಚನ್ನಪಟ್ಟಣದ ಶಾಲೆಯ ಸಿಸ್ಟರ್ ಒಬ್ಬರು ನನ್ನನ್ನೂ ಕಳಿಸಿ ಅಂತ ಬೆನ್ನು ಹತ್ತಿದ್ದಾರೆ. ಒಬ್ಬರನ್ನೇ ಕಳಿಸೋಕೆ ಆಗೋದು ಅಂತ ಅವರನ್ನು ಸುಮ್ಮನಿರಿಸಿದ್ದೆ" ಎಂದರು ಬಿಷಪ್ಪರು. ಅಷ್ಟೇ. ಸಿಡಿಲೂ ಇಲ್ಲ, ಗುಡುಗೂ ಇಲ್ಲ. ಟೀ ಕುಡಿಸಿ ಕಳಿಸಿದರು. ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತಾಗ, ಇಷ್ಟಕ್ಕಾಗಿ ಅಷ್ಟು ದಿನ ನಿದ್ದೆಗೆಟ್ಟೆನಲ್ಲ ಎಂದು ನಗು ಬಂತು. ಬಸ್ಸು ಕನಕಪುರ ರಸ್ತೆ ಹಿಡಿದ ಮೇಲೆ ಕಿಟಕಿಗೆ ತಲೆ ಆನಿಸಿ ಮಲಗಿದವನು ಕಂಡಕ್ಟರ್ ಎಬ್ಬಿಸಿದಾಗಲೇ ಎದ್ದದ್ದು.

ಅಪ್ಪನದ್ದೇ ಕಷ್ಟವಾಯಿತು. ಸುದ್ದಿ ಕೇಳಿ ಬಹುವಚನ ಬಿಟ್ಟು "ಲೇ, ಏನ್ಲಾ ಮಾಡ್ದೆ!" ಎಂದು ಶುರು ಮಾಡಿದ. ಕೆಲವು ದಿನ ಫೋನ್ ಎತ್ತಲಿಲ್ಲ. ಆಮೇಲೆ ಮಳೆ ಹಿಡಿದುಕೊಂಡಿತು. ಫ್ಲೆಕ್ಸನ್ನು ಇಳಿಸಿ, ಸೋರುತ್ತಿದ್ದ ಹುಳದ ಮನೆಯ ಮೇಲೆ ಹೊದಿಸಿದ. ಊರಿಗೆ ಹೋಗಿ ನೋಡಿದರೆ, ಫ್ಲೆಕ್ಸಿನಲ್ಲಿದ್ದ ನಾನು ವಿಮಾನದ ಕೆಳಗೆ ಕೈ ಮುಗಿದುಕೊಂಡು ಆಕಾಶ ನೋಡುತ್ತ ಮಲಗಿದ್ದೆ. "ಒಂದ್ ಹನಿ ಸೋರ್ತಿಲ್ಲ ಸ್ವಾಮಿ" ಎಂದ ಅಪ್ಪ. ಬಹುವಚನ ವಾಪಸು ಬಂದಿತ್ತು, ನಾನೂ ಬದುಕಿಕೊಂಡೆ.

ಆ ಹುಡುಗಿಯ ಮದುವೆ ಮುರಿದದ್ದಕ್ಕೆ ಅವಳ ಮನೆಯವರು ದೊಡ್ಡಸ್ವಾಮಿಯವರನ್ನು ಬಹಳ ಕಾಲ ಶಪಿಸಿದರು. ಅವಳ ಕಂಪನಿ ಬಸ್ಸು ಬೆಳಿಗ್ಗೆ ಚರ್ಚಿನ ಮುಂದೆ ಹಾದುಹೋಗುವಾಗ ಅವರು ಜಗಲಿಯಲ್ಲಿ ಪೇಪರ್ ಓದುವ ನೆಪದಲ್ಲಿ ಕುಳಿತಿರುತ್ತಿದ್ದರು. ಅವಳು ಕೈಗಿಯ್ಯೇನೂ ಬೀಸುತ್ತಿರಲಿಲ್ಲ. ಕಿಟಕಿಯ ಪಕ್ಕ ಕೂತು ಗೆಳತಿಯರ ಜೊತೆ ಹರಟುತ್ತ ಹೋಗುತ್ತಿದ್ದಳು. ಅವರಿಗೆ ಅಷ್ಟು ಸಾಕಾಗಿತ್ತು.

ಚನ್ನಪಟ್ಟಣದ ಆ ಸಿಸ್ಟರ್ ಲ್ಯಾಟಿನ್‌ಗೆ ಬರತೊಡಗಿದರು. ಬಂದ ದಿನವೇ ಶುರು: ಅಲ್ಲಿ ಹಾಸ್ಟೆಲ್ ಹೇಗೆ, ಗ್ರಂಥಾಲಯ ಎಷ್ಟು ಹೊತ್ತು ತೆಗೆದಿರುತ್ತದೆ, ಹೆಂಗಸರು ಎಷ್ಟು ಜನ ಓದುತ್ತಾರೆ, ಉಪ್ಪಿನಕಾಯಿ ಒಯ್ಯಬಹುದಾ, ಪ್ರೊಫೆಸರು ಒಪ್ಪದಿದ್ದರೆ ಎದುರು ಮಾತನಾಡಬಹುದಾ. ದೊಡ್ಡಸ್ವಾಮಿಯವರು ಸಂಜೆ ಬದುವಿನಿಂದ ಬಂದು ಜಗಲಿಯಲ್ಲಿ ಕಾಲು ಚಾಚಿ ಕುಳಿತು, "ಅಯ್ಯಪ್ಪ, ಆ ಹೆಣ್ಮಗ್ಳು ನನ್ ತಲೆ ತಿಂದಾಕ್ಬುಟ್ಲು" ಎನ್ನುತ್ತಿದ್ದರು. ಅಷ್ಟು ಸಂತೋಷದಿಂದ ತಲೆ ತಿನ್ನಿಸಿಕೊಂಡವರನ್ನು ನಾನು ನೋಡಿಲ್ಲ. ಸೂಟ್‌ಕೇಸ್ ನಾನೇ ಆ ಸಿಸ್ಟರ್‌ಗೆ ಕೊಟ್ಟೆ. ಈಗ ಅವರು ಓದಿ ಬಂದು ನಮ್ಮ ನ್ಯಾಯಪೀಠದಲ್ಲಿ ದೊಡ್ಡಸ್ವಾಮಿಯವರ ಜಾಗದಲ್ಲೇ ಕೂರುತ್ತಾರೆ. ಒಳ್ಳೆಯ ಹೆಸರಿದೆ. ನಾನು ಮಾಗಡಿ ಕಡೆಯ ಒಂದು ಸಣ್ಣ ಚರ್ಚಿನಲ್ಲಿದ್ದೇನೆ. ಹಾಡಿನ ಗುಂಪು ಚೆನ್ನಾಗಿದೆ.

ದೊಡ್ಡಸ್ವಾಮಿಯವರು ಕೊನೆಗೆ ಬೆಂಗಳೂರಿನಲ್ಲಿ, ನಿವೃತ್ತ ಗುರುಗಳ ಮನೆಯಲ್ಲಿದ್ದರು. ಕಾಲು ಹೋಗಿತ್ತು, ಗಾಲಿ ಕುರ್ಚಿ ಬಂದಿತ್ತು. ನಾನು ಬಿಡುವಾದಾಗ ಹೋಗಿ ಕುಳಿತು ಬರುತ್ತಿದ್ದೆ. ಈ ವರ್ಷ ಬೇಸಿಗೆ ಶುರುವಾಗುವಾಗ ಹೋಗಿದ್ದೆ. ಅಂಗಳದ ಹಲಸಿನ ಮರದ ನೆರಳಿಗೆ ಅವರ ಕುರ್ಚಿ ತಳ್ಳಿಕೊಂಡು ಹೋಗಿ ನಿಲ್ಲಿಸಿದೆ. ಮಾತು ಎಲ್ಲೆಲ್ಲೋ ಹೋಗಿ ನಿಂತಿತು. ಆಗ, ಇಷ್ಟು ವರ್ಷ ನನಗೆ ಯಾಕೆ ಹೊಳೆದಿರಲಿಲ್ಲವೋ, ಇದ್ದಕ್ಕಿದ್ದ ಹಾಗೆ ಕೇಳಿದೆ: "ಸ್ವಾಮಿ, ನೀವು ಕಾನೂನು ಓದೋಕೆ ಹೋದಾಗ ನಿಮ್ಮನ್ನ ಯಾರಾದ್ರೂ ಕೇಳಿದ್ರಾ?"

"ನನ್ನಾ?" ಎಂದು ತಲೆ ಎತ್ತಿದರು. "ಆಗಿನ ಬಿಷಪ್ಪರು ಟಿಕೇಟ್ ಕೈಗಿಟ್ರು. ಹೊರಡು ಅಂದ್ರು. ಹೊಂಟೆ."

"ಇಷ್ಟ ಇರ್ಲಿಲ್ವಾ?"

"ಇಷ್ಟ ಇಲ್ದೆ ಏನು? ಕುಣ್ಕಂಡ್ ಹೋಗಿದ್ದೆ! ಅಲ್ಲಿ ಕಲ್ತಿದ್ದೇ ನನ್ ಜೀವ್ನ ಆಯ್ತು." ದೊಡ್ಡ ಕೈಗಳು ಮಡಿಲಲ್ಲಿ ಸುಮ್ಮನಿದ್ದವು. "ಆದ್ರೂ ಒಂದ್ ಮಾತ್ ಕೇಳ್ಬೇಕಿತ್ತು ಕಣಪ್ಪ. ಕೇಳಿದ್ರೆ ಹೂಂ ಅಂತಲೇ ಅಂತಿದ್ದೆ. ಆ ಹೂಂ ಒಳ್ಗೇ ಉಳ್ಕಂಬುಡ್ತು."

ಊರ ಹೆಣ್ಣುಮಕ್ಕಳನ್ನೆಲ್ಲ, ನನ್ನನ್ನೂ, ಕೇಳಿದ ಮನುಷ್ಯನನ್ನು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ನಾನು ಎದ್ದು ಅವರ ಎದುರಿಗೆ ಬಂದು, ಮಣ್ಣಿನ ಮೇಲೆಯೇ ಮಂಡಿಯೂರಿದೆ.

"ಈಗ ನಾನು ಕೇಳ್ತಿದ್ದೀನಿ ಸ್ವಾಮಿ. ಹೇಳಿ. ನಿಮಗೆ ಹೋಗೋಕೆ ಒಪ್ಪಿಗೆ ಇದೆಯಾ?"

ತಮಾಷೆ ಮಾಡುತ್ತಿದ್ದೇನೋ ಎಂದು ನನ್ನ ಮುಖವನ್ನೇ ನೋಡಿದರು. ಇಲ್ಲವೆಂದು ಖಾತ್ರಿಯಾದ ಮೇಲೆ ಕುರ್ಚಿಯ ಎರಡೂ ಕೈ ಹಿಡಿದು, ಬೆನ್ನು ನೆಟ್ಟಗೆ ಮಾಡಿಕೊಂಡರು.

"ಹೂಂ! ಒಪ್ಪಿಗೆ ಐತೆ!"

ಆ ಕೂಗಿಗೆ ಒಳಗಿನಿಂದ ನರ್ಸ್ ಓಡಿ ಬಂದಳು. ಏನೂ ಆಗಿಲ್ಲಮ್ಮ ಎಂದು ಕೈ ಆಡಿಸಿದೆ. ದೊಡ್ಡಸ್ವಾಮಿ ಕಣ್ಣು ಮುಚ್ಚಿಕೊಂಡು ಕುಳಿತಿದ್ದರು, ಮುಖದ ತುಂಬ ಬೆಳಕಿತ್ತು.

ಅವರು ತೀರಿಕೊಂಡರೆಂದು ಫೋನ್ ಬಂದಾಗ ಮಳೆಗಾಲ ಇನ್ನೂ ಶುರುವಾಗಿರಲಿಲ್ಲ. ಬೆಳಿಗ್ಗೆ ತಿಂಡಿ ತಿಂದು ಕುರ್ಚಿಯಲ್ಲೇ ಒರಗಿದವರು ಹಾಗೇ ಹೋಗಿಬಿಟ್ಟರಂತೆ. ಅಳು ಆಮೇಲೆ ಬಂತು, ಬೇಕಾದಷ್ಟು ಬಂತು. ಫೋನ್ ಕೆಳಗಿಟ್ಟ ಗಳಿಗೆಯಲ್ಲಿ ಮಾತ್ರ ನನ್ನ ಬಾಯಿಂದ ಹೊರಟದ್ದು ಒಂದೇ ಮಾತು. ಸದ್ಯ, ಕೇಳಿದ್ದೆನಲ್ಲ.